ಗಂಟಲು ನೋವನ್ನು ಕಡೆಗಣಿಸುವ ಮುನ್ನ

ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಒಂದು ಬಡ ಮನೆಯ ಎಂಟು-ಹತ್ತು ವರ್ಷದ ಮಗುವಿಗೆ ಗಂಟಲು ನೋವು ಬರುತ್ತದೆ. ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸುವುದು, ಅರಿಶಿನ ಬೆರೆಸಿದ ಹಾಲು ಕುಡಿಯುವುದು, ಇಷ್ಟರಲ್ಲೇ ನಾಲ್ಕು ದಿನ ಕಳೆಯುತ್ತದೆ, ನೋವೂ ಹೋಗುತ್ತದೆ. ಎರಡು-ಮೂರು ವಾರಗಳ ಬಳಿಕ ಜ್ವರ ಬಂದು ಮೊಣಕಾಲು ಊದಿಕೊಳ್ಳುತ್ತದೆ. ಅದು ಇಳಿಯುವಷ್ಟರಲ್ಲಿ ನೋವು ಪಾದದ ಗಂಟಿಗೆ, ಅಲ್ಲಿಂದ ಮೊಣಕೈಗೆ ಸರಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇದೆಲ್ಲ ಸಹಜವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅದೂ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಹೃದಯದ ಕವಾಟಕ್ಕೆ ಆದ ಗಾಯ ಮಾತ್ರ ಉಳಿದುಬಿಡಬಹುದು. ವರ್ಷಗಳು ಉರುಳಿ, ಆ ಮಗು ತಾಯಿಯೋ ಕೂಲಿಯಾಳೋ ಆಗಿ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ, ಕಾಯಿಲೆ ಶುರುವಾದದ್ದು ಒಂದು ಗಂಟಲು ನೋವಿನಿಂದ ಎಂದು ಯಾರಿಗೆ ನೆನಪಿರುತ್ತದೆ?

ಇದನ್ನು ವೈದ್ಯರು ರುಮ್ಯಾಟಿಕ್ ಜ್ವರವೆನ್ನುತ್ತಾರೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನೊಂದಿಗೆ ಸೆಣಸಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ತಿರುಗಿ ಬೀಳುವುದೇ ಇದರ ಮೂಲ. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವಲ್ಲಿ ಈ ರೋಗಾಣು ಸುಲಭವಾಗಿ ಹರಡುತ್ತದೆ. ಶ್ರೀಮಂತ ರಾಷ್ಟ್ರಗಳಲ್ಲಿ ಇದು ಬಹುಮಟ್ಟಿಗೆ ಮರೆಯಾದದ್ದು ಔಷಧಿಯಿಂದ ಮಾತ್ರವಲ್ಲ, ಮನೆಗಳು ವಿಶಾಲವಾದದ್ದರಿಂದಲೂ ಹೌದು.

ಅಚ್ಚರಿಯೆಂದರೆ, ಇಷ್ಟು ಹಳೆಯ ಕಾಯಿಲೆಯನ್ನು ಖಚಿತವಾಗಿ ಹೇಳಬಲ್ಲ ಒಂದೇ ಒಂದು ರಕ್ತ ಪರೀಕ್ಷೆ ಇಂದಿಗೂ ಇಲ್ಲ. 1944ರಲ್ಲಿ ಅಮೆರಿಕದ ವೈದ್ಯ ಡಕೆಟ್ ಜೋನ್ಸ್ ರೂಪಿಸಿದ ಲಕ್ಷಣಗಳ ಪಟ್ಟಿಯೇ ಈಗಲೂ ವೈದ್ಯರಿಗೆ ಆಧಾರ. 2015ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಅದನ್ನು ಪರಿಷ್ಕರಿಸಿ, ರೋಗ ಹೆಚ್ಚಿರುವ ಪ್ರದೇಶಗಳಲ್ಲಿ ಒಂದೇ ಕೀಲು ಊದಿಕೊಂಡರೂ ಅದನ್ನು ಪ್ರಮುಖ ಲಕ್ಷಣವಾಗಿ ಪರಿಗಣಿಸಬೇಕೆಂದಿತು. ಹೃದಯದ ಎಕೋ ಪರೀಕ್ಷೆಗೂ ಸ್ಥಾನ ಕೊಟ್ಟಿತು. ರಕ್ತದಲ್ಲೇ ರೋಗದ ಗುರುತನ್ನು ಪತ್ತೆ ಹಚ್ಚುವ ಪ್ರಯತ್ನವೂ ನಡೆದಿದೆ. ಆಸ್ಟ್ರೇಲಿಯಾದ ಡಾರ್ವಿನ್ ಮತ್ತು ನ್ಯೂಝಿಲೆಂಡಿನ ಆಕ್ಲೆಂಡ್‌ನ ಸಂಶೋಧಕರು ಜೊತೆಗೂಡಿ ಅಂತಹದೊಂದು ಅಧ್ಯಯನದ ರೂಪುರೇಷೆಯನ್ನು 2021ರಲ್ಲಿ ಪ್ರಕಟಿಸಿದರು. ಆ ಎರಡು ಸಿರಿವಂತ ದೇಶಗಳಲ್ಲೂ ಈ ರೋಗ ಹೆಚ್ಚಾಗಿ ಕಾಡುತ್ತಿರುವುದು ಮೂಲನಿವಾಸಿಗಳ ಮತ್ತು ಪೆಸಿಫಿಕ್ ದ್ವೀಪ ಮೂಲದವರ ಮಕ್ಕಳನ್ನು ಎಂಬುದನ್ನು ಗಮನಿಸಬೇಕು.

ದೇಶಗಳು ಕೈ ಜೋಡಿಸಿದಾಗ ಏನು ಸಾಧ್ಯ ಎಂಬುದಕ್ಕೆ ಬೇರೆ ನಿದರ್ಶನಗಳೂ ಇವೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಂಬೋಡಿಯಾ ಮತ್ತು ಮೊಝಾಂಬಿಕ್‌ನ ಶಾಲಾ ಮಕ್ಕಳನ್ನು ಸ್ಟೆತೊಸ್ಕೋಪ್ ಮತ್ತು ಎಕೋ ಎರಡರಿಂದಲೂ ಪರೀಕ್ಷಿಸಿದಾಗ, ಕಿವಿಗೆ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಕವಾಟದ ಹಾನಿ ಕಂಡುಬಂತು. ನಮ್ಮಲ್ಲಿ 2001-02ರಲ್ಲಿ ವೆಲ್ಲೂರಿನ ಸುತ್ತಮುತ್ತ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮೊದಲು ಸ್ಟೆತೊಸ್ಕೋಪ್‌ನಿಂದ ಪರೀಕ್ಷಿಸಿದಾಗ ಸಿಕ್ಕಿದ್ದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ರೋಗ ತಗ್ಗುತ್ತಿದೆ ಎಂಬ ನೆಮ್ಮದಿಗೆ ಅದು ಕಾರಣವಾಯಿತು. ಆದರೆ 2011ರಲ್ಲಿ ಪ್ರಕಟವಾದ ಹರಿಯಾಣದ ಬಲ್ಲಭಗಢದ ಅಧ್ಯಯನದಲ್ಲಿ ಎಕೋ ಬಳಸಿದಾಗ ಆ ಸಂಖ್ಯೆ ಸಾವಿರಕ್ಕೆ ಇಪ್ಪತ್ತರಷ್ಟಿತ್ತು. ಹಾಗಂತ, ಎಕೋದಲ್ಲಿ ಕಂಡ ಪ್ರತಿ ಮಗುವಿನ ಹೃದಯವೂ ಕೆಟ್ಟೇಬಿಡುತ್ತದೆ ಎಂದಲ್ಲ. ಉತ್ತರ ಉಗಾಂಡಾದಲ್ಲಿ ಇಂತಹ 818 ಮಕ್ಕಳನ್ನು ಎರಡು ವರ್ಷ ಗಮನಿಸಲಾಯಿತು. ಪೆನಿಸಿಲಿನ್ ಚುಚ್ಚುಮದ್ದು ಪಡೆದವರಲ್ಲಿ ಶೇ. 0.8ರಷ್ಟು ಮಂದಿಗೆ ರೋಗ ಉಲ್ಬಣಿಸಿದರೆ, ಪಡೆಯದವರಲ್ಲಿ ಅದು ಶೇ. 8.2ರಷ್ಟಿತ್ತು. ಬೇಗ ಪತ್ತೆಯಾಗುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಇಷ್ಟಕ್ಕೂ ಬೀದರ್ ಜಿಲ್ಲೆಯ ಮಗುವಿಗೆ ಇದರಿಂದ ಸಿಗುವುದೇನು? ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ 2016ರಲ್ಲಿ ಆರಂಭವಾಯಿತು. 2024ರ ಡಿಸೆಂಬರ್‌ನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಯಾಯಿತು. ಅದಕ್ಕೂ ಮೊದಲು, 2010ರಲ್ಲಿ, ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲಿಗೆ ಜಾರಿಗೆ ಬಂದದ್ದೂ ಈ ವಿಭಾಗದಲ್ಲೇ. ಸೋಲಾಪುರ, ಹೈದರಾಬಾದ್‌ಗಳ ದಾರಿ ಹಿಡಿಯುತ್ತಿದ್ದ ಕುಟುಂಬಗಳಿಗೆ ಇವೆಲ್ಲ ದೊಡ್ಡ ಆಸರೆ. ಆದರೆ ಇವು ಕವಾಟ ಕೆಟ್ಟ ಮೇಲಿನ ಆಸರೆಗಳು. ಕೆಡದಂತೆ ತಡೆಯುವ ಔಷಧಿ ಅತ್ಯಂತ ಅಗ್ಗದ್ದು. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಸಿಕ್ಕರೆ ಜ್ವರವನ್ನೇ ತಡೆಯಬಹುದು. ಜ್ವರ ಬಂದುಹೋದ ಮಗುವಿಗೆ ಮೂರು ವಾರಕ್ಕೊಮ್ಮೆ ಬೆಂಝಾಥೀನ್ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಅದೂ ಕನಿಷ್ಠ ಐದು ವರ್ಷ, ಹೃದಯಕ್ಕೆ ತಗಲಿದ್ದರೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು.

ಕಷ್ಟ ಇರುವುದೇ ಇಲ್ಲಿ. ಭಾರತವೂ ಸೇರಿ 14 ದೇಶಗಳ 3,343 ರೋಗಿಗಳ ಮೇಲೆ ನಡೆದ ‘ರೆಮಿಡಿ’ ಅಧ್ಯಯನದಲ್ಲಿ ಈ ಚುಚ್ಚುಮದ್ದು ಪಡೆಯುತ್ತಿದ್ದವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಸುಗ್ಗಿ ಮುಗಿದೊಡನೆ ಪುಣೆ, ಮುಂಬೈ, ಹೈದರಾಬಾದ್‌ಗೆ ಕೂಲಿಗಾಗಿ ಹೊರಡುವ ತಂದೆ-ತಾಯಿ ಮೂರು ವಾರದ ಲೆಕ್ಕವನ್ನು ಎಲ್ಲಿ ಇಟ್ಟಾರು? ನೋವೇ ಇಲ್ಲದ ಮಗುವಿಗೆ ನೋವಿನ ಸೂಜಿ ಏಕೆ ಎಂದು ಅಜ್ಜಿ ಕೇಳಿದರೆ ಉತ್ತರಿಸುವವರು ಯಾರು? ಅಲರ್ಜಿಯ ಭಯದಿಂದ ಸೂಜಿ ಚುಚ್ಚಲು ಹಿಂಜರಿಯುವ ವೈದ್ಯರೂ ಇದ್ದಾರೆ.

ಅದೇ ಅಧ್ಯಯನದ ಇನ್ನೊಂದು ಅಂಶ ನಮ್ಮ ಸಮುದಾಯವನ್ನು ನೇರವಾಗಿ ಪ್ರಶ್ನಿಸುವಂತಿದೆ: ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಮಹಿಳೆಯರು. ಮಗಳ ಹೃದಯದಲ್ಲಿ ದೋಷವಿದೆ ಎಂದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಚೀಟಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸುವ, ಚುಚ್ಚುಮದ್ದು ನಿಲ್ಲಿಸುವ ಮನೆಗಳಿವೆ. ಕವಾಟ ಕಿರಿದಾದ ಹೆಣ್ಣಿಗೆ ಗರ್ಭಧಾರಣೆಯೇ ಜೀವಾಪಾಯ ತರಬಹುದು. ರೋಗವನ್ನು ಬಚ್ಚಿಟ್ಟು ನಿಕಾಹ್ ಮಾಡಿಕೊಡುವುದು ವರನ ಕಡೆಯವರಿಗೆ ಬಗೆಯುವ ವಂಚನೆ ಮಾತ್ರವಲ್ಲ, ಮಗಳ ಪ್ರಾಣದೊಂದಿಗೆ ಆಡುವ ಜೂಜು. ಮಿಂಬರ್‌ನಿಂದ ವರದಕ್ಷಿಣೆಯ ವಿರುದ್ಧ ಮಾತಾಡುವವರು ಈ ಕುರಿತೂ ಎರಡು ಮಾತು ಹೇಳಬಾರದೇಕೆ?

2018ರ ಮೇಯಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗದ ತಡೆಗೆ ನಿರ್ಣಯ ಅಂಗೀಕರಿಸಿತು. ಅದಕ್ಕೂ ಮೊದಲೇ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವಿದೆ. ಶಾಲೆಗೆ ಬರುವ ಆ ತಂಡದ ಕೈಗೆ ಸಣ್ಣ ಎಕೋ ಯಂತ್ರ ಕೊಟ್ಟು ತರಬೇತಿ ನೀಡಲಿ. ಸರಕಾರಿ ಕನ್ನಡ, ಉರ್ದು, ಮರಾಠಿ ಶಾಲೆಗಳ ಜೊತೆಗೆ ಮದ್ರಸಗಳನ್ನೂ ಅದು ಸಂದರ್ಶಿಸಲಿ. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕು ಆಸ್ಪತ್ರೆಗಳಲ್ಲಿ ಚುಚ್ಚುಮದ್ದು ವರ್ಷವಿಡೀ ಸಿಗುವಂತಿರಲಿ. ಪ್ರತಿ ಮಗುವಿಗೆ ಒಂದು ಕಾರ್ಡು, ಆ ಕಾರ್ಡಿನಲ್ಲಿ ಮುಂದಿನ ತಾರೀಕು. ಕುಟುಂಬ ಪುಣೆಗೆ ಹೋದರೂ ಅಲ್ಲಿನ ಸರಕಾರಿ ಆಸ್ಪತ್ರೆ ಅದೇ ಕಾರ್ಡು ನೋಡಿ ಸೂಜಿ ಹಾಕುವಂತೆ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಒಪ್ಪಂದಕ್ಕೆ ಬರಲಿ. ಆ ತಾರೀಕನ್ನು ಮನೆಗೆ ನೆನಪಿಸುವ ಕೆಲಸವನ್ನು ಆಶಾ ಕಾರ್ಯಕರ್ತೆಯರ ಮೇಲೊಂದೇ ಹೊರಿಸದೆ ಜಮಾಅತ್ ಕಮಿಟಿಗಳೂ ಯುವಕ ಸಂಘಗಳೂ ಈ ತಿಂಗಳಿನಿಂದಲೇ ವಹಿಸಿಕೊಳ್ಳಬಹುದು.