ಓಣಿಗೆ ಬಿಡ್ರಿ ಮಕ್ಕಳನ್ನ

ಗೇಟೆಡ್ ಕಮ್ಯುನಿಟಿಯ ಅಪ್ಪ-ಅಮ್ಮಂದಿರೇ, ಮಗುವನ್ನ ನಾವೇ ‘ರೂಪಿಸ್ತೀವಿ’ ಅನ್ನೋ ಜಂಭ ಸಾಕು. ಹುಮನಾಬಾದ್, ಬಸವಕಲ್ಯಾಣದ ಕಡೆ ಬಂದು ನೋಡ್ರಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಸಂತೆಯಲ್ಲಿ ಮರಾಠಿ. ಯಾವ ಅಪ್ಪನೂ ಟೈಮ್‌ಟೇಬಲ್ ಹಾಕಿ ಕಲಿಸಿದ್ದಲ್ಲ. ಗೋಲಿ ಆಟದ ಜಗಳ ಗೆಲ್ಲಬೇಕಿತ್ತು, ಕಲಿತರು.

ಜುಡಿತ್ ರಿಚ್ ಹ್ಯಾರಿಸ್ 1998ರಲ್ಲೇ ‘ದಿ ನರ್ಚರ್ ಅಸಂಪ್ಷನ್’ನಲ್ಲಿ ವಾದಿಸಿದ್ದು ಇದನ್ನೇ: ವಲಸೆ ಬಂದವರ ಮಕ್ಕಳಿಗೆ ಬರೋದು ಹೆತ್ತವರ ಉಚ್ಚಾರಣೆ ಅಲ್ಲ, ಓರಗೆಯವರದು. ಆಕೆ ಅತಿ ಮಾಡಿದರು ಅನ್ನೋರಿದ್ದಾರೆ, ಇರ್ಲಿ. ಊಟ, ಹೊಡೆತ, ಪ್ರೀತಿ ಮನೆಯವೇ, ಒಪ್ಪಿದೆ. ಅದಕ್ಕೆ ಕೂಸಿಗೆ ಕೋಡಿಂಗ್ ಕ್ಲಾಸಾ?

ಈಗ ಊರಿಗೂ ರೋಗ ಹತ್ತಿದೆ. ‘ಆ ಹುಡುಗರ ಜತೆ ಆಡಬ್ಯಾಡ, ಭಾಷಾ ಕೆಡ್ತದ’ ಅಂತ ಬಾಗಿಲು ಹಾಕಿ ಕೈಗೆ ಯೂಟ್ಯೂಬ್ ಕೊಡ್ತಾರೆ. ‘ಆ ಹುಡುಗರು’ ಯಾರು ಅಂತ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ಉಪನಯನ ಒಲ್ಲೆ ಅಂದು ಮನೆಬಿಟ್ಟ ಹುಡುಗ ಅಂತ ನಾವು ಕಥೆ ಹೇಳೋ ಬಸವಣ್ಣನ 108 ಅಡಿ ಮೂರ್ತಿ ಕಲ್ಯಾಣದಲ್ಲಿ ನಿಂತಿದೆ. ಮಾದಾರ, ಮಡಿವಾಳ, ಅಂಬಿಗರನ್ನ ಅವರು ಒಟ್ಟಿಗೆ ಕೂರಿಸಿದ ಊರಲ್ಲೇ ನಾವು ಮಕ್ಕಳ ಗೆಳೆಯರನ್ನ ಅಡ್ಡಹೆಸರು ಕೇಳಿ ಆರಿಸ್ತಿದ್ದೀವಿ.