ಮನೆವಾರ್ತೆ: ಫೋನು ಎರಡು, ಹೊಸ್ತಿಲು ಒಂದು



ಕಳೆದ ಪುಷ್ಯಮಾಸದ ಒಂದು ಸಂಜೆ ನಾವು ಜಗುಲಿಯಲ್ಲಿ ಕುಳಿತಿರಲು, ಕೆಳಗಿನ ಕೇರಿಯ ಹೆಣ್ಣುಮಗಳೊಬ್ಬಳು ಅಂಗಳಕ್ಕೆ ಬಂದು, ಸೆರಗಿನ ಗಂಟನ್ನು ಬಿಚ್ಚಿ, ಒಂಬತ್ತು ಸಾವಿರ ರೂಪಾಯಿಗಳನ್ನೂ ಒಂದು ಚೀಟಿಯನ್ನೂ ನಮ್ಮ ಮುಂದಿಟ್ಟಳು. ಈಕೆ ನಮ್ಮ ಹಳೆಯ ವಿದ್ಯಾರ್ಥಿನಿ. ಪತಿಯನ್ನು ಕಳೆದುಕೊಂಡ ಮೇಲೆ, ಕೊನೆಕೊಯ್ಲಿನ ಕಾಲದಲ್ಲಿ ಊರವರ ಅಂಗಳಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು ಸಂಸಾರವನ್ನು ಸಾಗಿಸುತ್ತಿರುವವಳು. ಸಿದ್ದಾಪುರದಲ್ಲಿ ಪಿ.ಯು.ಸಿ. ಓದುತ್ತಿರುವ ಮಗನು ಎರಡು ಫೋನುಗಳ ಹೆಸರನ್ನು ಬರೆದುಕೊಟ್ಟಿದ್ದನು. "ಮಾಸ್ತರೇ, ಇವೆರಡರಲ್ಲಿ ಯಾವುದು ಒಳ್ಳೆಯದು, ನೋಡಿ ಹೇಳಿ. ಅಂಗಡಿಯವರ ಮಾತು ನನಗೆ ತಿಳಿಯುವುದಿಲ್ಲ" ಎಂದಳು.

ವ್ಯಾಕರಣವನ್ನು ಕಲಿಸಿ ನಿವೃತ್ತರಾದ ನಮಗೆ ಈ ಶಾಸ್ತ್ರದಲ್ಲಿ ಪಾಂಡಿತ್ಯವೆಲ್ಲಿಯದು? ಆದರೂ ಒಂದು ಸುಗ್ಗಿಯ ಕೂಲಿಯು ಮುಂದಿರುವಾಗ "ಗೊತ್ತಿಲ್ಲ" ಎಂದು ಕೈತೊಳೆದುಕೊಳ್ಳುವುದು ಗುರುವಾದವನಿಗೆ ಶೋಭಿಸದು. ಎರಡು ದಿನದ ಅವಕಾಶವನ್ನು ಬೇಡಿ, ತಿಳಿದವರನ್ನು ಕೇಳಿ, ಓದಿ ವಿಚಾರಿಸಿದೆವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅನೇಕ ಗೃಹಸ್ಥರಿಗೆ ಇದೇ ಪ್ರಶ್ನೆಯು ಇದಿರಾಗಿರುವುದರಿಂದ, ಆಗ ತಿಳಿದುದನ್ನು ಈ ತಿಂಗಳ ಪುಟದಲ್ಲಿ ನಿವೇದಿಸುತ್ತೇವೆ.

ಚೀಟಿಯಲ್ಲಿದ್ದ ಮೊದಲನೆಯ ಹೆಸರು ರೆಡ್‌ಮಿ ಎ೪ ೫ಜಿ. ಇದು ೨೦೨೪ನೆಯ ನವೆಂಬರಿನಲ್ಲಿ ನಮ್ಮ ದೇಶದ ಪೇಟೆಗೆ ಬಂದಿತು. ಆಗ ಇದರ ಆರಂಭದ ಬೆಲೆ ೮,೪೯೯ ರೂಪಾಯಿ. ಎರಡನೆಯದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಫ್೦೬ ೫ಜಿ. ಇದು ೨೦೨೫ನೆಯ ಫೆಬ್ರುವರಿಯಲ್ಲಿ ಬಂದಿತು. ರಿಯಾಯತಿಯನ್ನು ಕಳೆದು ಆರಂಭದ ಬೆಲೆ ೯,೪೯೯ ರೂಪಾಯಿ. ಫೋನುಗಳ ಬೆಲೆಯು ಅಡಿಕೆಯ ಧಾರಣೆಯಂತೆ ಏರಿಳಿಯತಕ್ಕದ್ದಾದುದರಿಂದ, ಕೊಳ್ಳುವ ದಿನದ ಬೆಲೆಯನ್ನು ಅಂಗಡಿಯಲ್ಲಿಯೇ ಕೇಳಿಕೊಳ್ಳಬೇಕು.

ಹೊರನೋಟಕ್ಕೆ ಎರಡೂ ಒಂದೇ ಮನೆಯ ಮಕ್ಕಳಂತಿವೆ. ಮೊದಲನೆಯದರ ಪರದೆ ೬.೮೮ ಅಂಗುಲ, ಎರಡನೆಯದರದು ೬.೭ ಅಂಗುಲ. ಮೊದಲನೆಯದರ ಬ್ಯಾಟರಿ ೫,೧೬೦ ಎಂ.ಎ.ಎಚ್., ಎರಡನೆಯದರದು ೫,೦೦೦. ವಿದ್ಯುತ್ತನ್ನು ತುಂಬಿಕೊಳ್ಳುವ ವೇಗದಲ್ಲಿ ಮೊದಲನೆಯದು ೧೮ ವ್ಯಾಟಿನದು, ಎರಡನೆಯದು ೨೫ ವ್ಯಾಟಿನದು. ಆದರೆ ಮೊದಲನೆಯದರ ಪೆಟ್ಟಿಗೆಯಲ್ಲಿಯೇ ಚಾರ್ಜರು ಇರುತ್ತದೆ; ಎರಡನೆಯದಕ್ಕೆ ಅದನ್ನು ಬೇರೆ ಕೊಳ್ಳಬೇಕು. ಮನೆಯಲ್ಲಿ ಹೊಂದುವ ಹಳೆಯದು ಇಲ್ಲದವರಿಗೆ ಇದು ಸಣ್ಣ ಖರ್ಚಲ್ಲ. ಇನ್ನು ಒಳಗಿನ ತಂತ್ರಾಂಶದ ವಿಷಯ. ಮೊದಲನೆಯದಕ್ಕೆ ಎರಡು ಸಲ, ಎರಡನೆಯದಕ್ಕೆ ನಾಲ್ಕು ಸಲ ಹೊಸ ಆವೃತ್ತಿಯನ್ನು ಕೊಡುವುದಾಗಿ ಕಂಪನಿಗಳು ಹೇಳಿವೆ. ಕಳ್ಳಕಾಕರಿಂದ ಹಣವನ್ನು ಕಾಯುವ ಸುರಕ್ಷತೆಯ ತಿದ್ದುಪಡಿಗಳು ಎರಡಕ್ಕೂ ನಾಲ್ಕು ವರ್ಷ. ಫೋನಿನಲ್ಲಿಯೇ ಬ್ಯಾಂಕಿನ ವ್ಯವಹಾರವನ್ನು ಮಾಡುವವರು ಈ ಕೊನೆಯ ಮಾತನ್ನು ಲಕ್ಷ್ಯದಲ್ಲಿಡತಕ್ಕದ್ದು.

ಇಷ್ಟೇ ಆಗಿದ್ದರೆ ಅಗ್ಗದ್ದನ್ನು ಕೊಂಡುಕೋ ಎಂದು ಮುಗಿಸಬಹುದಾಗಿತ್ತು. ಆದರೆ ಎರಡಕ್ಕೂ ಇರುವ ಮುಖ್ಯ ಭೇದವು ಪೆಟ್ಟಿಗೆಯ ಮೇಲಿನ "೫ಜಿ" ಎಂಬ ಎರಡಕ್ಷರದ ಒಳಗೇ ಅಡಗಿಕೊಂಡಿದೆ.

೨೦೨೨ನೆಯ ಅಕ್ಟೋಬರ ೧ರಂದು ದಿಲ್ಲಿಯಲ್ಲಿ ಪ್ರಧಾನಮಂತ್ರಿಗಳು ನಮ್ಮ ದೇಶದಲ್ಲಿ ೫ಜಿ ಸೇವೆಯನ್ನು ಆರಂಭಿಸಿದರಷ್ಟೆ. ಆಗಲೇ ಅದು ಎರಡು ಬಗೆಯಾಗಿ ಹುಟ್ಟಿತು. ಜಿಯೋ ಕಂಪನಿಯು ಹಿಡಿದ ಮಾರ್ಗಕ್ಕೆ ಸ್ಟ್ಯಾಂಡ್ ಅಲೋನ್ ಎಂದು ಹೆಸರು. ನಾವು ಇದನ್ನು ಸ್ವಾವಲಂಬಿಯೆನ್ನೋಣ. ಹೊಸ ಮನೆಯನ್ನು ಕಟ್ಟಿ, ಹೊಸ ಬಾವಿಯನ್ನೂ ತೋಡಿಸಿದಂತೆ ಇದು ಹಳೆಯ ೪ಜಿಯ ಹಂಗಿಲ್ಲದೆ ನಿಲ್ಲುತ್ತದೆ. ಏರ್‌ಟೆಲ್ ಕಂಪನಿಯು ಆರಂಭದಲ್ಲಿ ಹಿಡಿದದ್ದು ನಾನ್ ಸ್ಟ್ಯಾಂಡ್ ಅಲೋನ್, ಎಂದರೆ ಪರಾವಲಂಬಿ. ಹಳೆಯ ಮನೆಗೆ ಹೊಸ ಮಾಳಿಗೆಯನ್ನು ಏರಿಸಿ, ಬಾಗಿಲನ್ನೂ ಬಾವಿಯನ್ನೂ ಹಳೆಯದೇ ಇಟ್ಟುಕೊಂಡಂತೆ, ಇಲ್ಲಿ ಫೋನು ಮೊದಲು ೪ಜಿಯ ಬಾಗಿಲನ್ನು ತಟ್ಟಿ, ಅದರ ಕೈಹಿಡಿದು ೫ಜಿಯ ಮಾಳಿಗೆಗೆ ಏರಬೇಕು. ಎರಡು ಮಾರ್ಗಗಳಿಗೂ ಅವುಗಳವೇ ಆದ ಅನುಕೂಲಗಳುಂಟು. ಏರ್‌ಟೆಲ್ ಈಚೆಗೆ ಸ್ವಾವಲಂಬಿಯ ಕಡೆಗೂ ಹೆಜ್ಜೆಯನ್ನಿಟ್ಟಿದೆ.

ಈಗ ಫೋನುಗಳಿಗೆ ಬರೋಣ. ರೆಡ್‌ಮಿ ಎ೪ ೫ಜಿಯ ಒಳಗಿರುವ ಸ್ನ್ಯಾಪ್‌ಡ್ರ್ಯಾಗನ್ ೪ಎಸ್ ಜೆನ್ ೨ ಎಂಬ ಅಗ್ಗದ ಚಿಪ್ಪಿನ ಈ ಫೋನು ಸ್ವಾವಲಂಬಿ ೫ಜಿಯನ್ನು ಮಾತ್ರ ಬಲ್ಲದು. ಪರಾವಲಂಬಿ ೫ಜಿ ಇರುವಲ್ಲಿ ಇದು ನಿಂತುಹೋಗುವುದಿಲ್ಲ; ಆದರೆ ೪ಜಿಯಲ್ಲಿಯೇ ಉಳಿಯುತ್ತದೆ. ಗ್ಯಾಲಕ್ಸಿ ಎಫ್೦೬ರ ಡೈಮೆನ್ಸಿಟಿ ೬೩೦೦ ಚಿಪ್ಪು ಎರಡೂ ಮಾರ್ಗಗಳನ್ನು ಬಲ್ಲದು; ೫ಜಿಯ ಹನ್ನೆರಡು ಬ್ಯಾಂಡುಗಳನ್ನು ಹಿಡಿಯುತ್ತದೆಂದು ಕಂಪನಿಯು ಹೇಳಿದೆ. ಆದುದರಿಂದ ಸಿಮ್ಮು ಯಾವುದೆಂದು ತಿಳಿಯದೆ ಮೊದಲನೆಯದನ್ನು ಕೊಳ್ಳುವುದು, ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿಯನ್ನು ಹೊಲಿಸಿದಂತೆ. ಸಿಮ್ಮು ಮೊದಲು, ಫೋನು ಆಮೇಲೆ.

ಹಾಗಾದರೆ ಸಿಮ್ಮು ಯಾವುದು? ಇಲ್ಲಿ ನಾವೇ ಮುಗ್ಗರಿಸಿದ ಕಥೆಯೊಂದುಂಟು. ಮೂರು ವರ್ಷಗಳ ಹಿಂದೆ ಶಿರಸಿಯ ಪೇಟೆಯಲ್ಲಿ ನಿಂತು ಒಂದು ಕಂಪನಿಯ ಸಿಮ್ಮನ್ನು ಹಾಕಿ ನೋಡಿದೆವು. ಚಿತ್ರಗಳು ಕಣ್ಣೆವೆಯಿಕ್ಕುವುದರೊಳಗೆ ಓಡಿದವು. ಸಂತೋಷದಿಂದ ಮನೆಗೆ ತಂದರೆ, ನಮ್ಮ ಕಣಿವೆಯಲ್ಲಿ ಒಂದು ಕರೆಯೂ ಹೋಗಲಿಲ್ಲ. ತಪ್ಪು ನಮ್ಮದೇ. ಅನ್ನದ ಒಂದು ಅಗುಳನ್ನು ಹಿಸುಕಿದರೆ ಇಡೀ ಪಾತ್ರೆಯ ಅನ್ನವು ಬೆಂದಿತೋ ಇಲ್ಲವೋ ತಿಳಿಯುವುದೆಂಬ ಸ್ಥಾಲೀಪುಲಾಕ ನ್ಯಾಯವನ್ನು ಮೂವತ್ತು ವರ್ಷ ಪಾಠ ಹೇಳಿದವರು ನಾವು. ಆದರೆ ಸಿಗ್ನಲ್ಲಿಗೆ ಆ ನ್ಯಾಯವು ಸಲ್ಲದು. ಶಿರಸಿಯ ಅಗುಳಿನಿಂದ ಸಿದ್ದಾಪುರದ ಕಣಿವೆಯ ಪಾಕವನ್ನು ತಿಳಿಯಲಾಗದು.

ಕಾರಣವು ನಮ್ಮ ಸೀಮೆಯ ರಚನೆಯಲ್ಲಿಯೇ ಇದೆ. ಅಡಿಕೆಯ ತೋಟಗಳು ನೀರಿರುವ ತಗ್ಗಿನಲ್ಲಿ. ಮನೆಗಳು ತೋಟದ ಅಂಚಿನಲ್ಲಿ. ಸುತ್ತಲೂ ಸೊಪ್ಪಿನ ಬೆಟ್ಟ. ಯಲ್ಲಾಪುರದ ಪೇಟೆಯು ಹುಬ್ಬಳ್ಳಿ-ಅಂಕೋಲೆಯ ಹೆದ್ದಾರಿಯ ಮೇಲಿರುವುದರಿಂದ ಅಲ್ಲಿನವರಿಗೆ ಈ ಕಷ್ಟವು ಅಷ್ಟಾಗಿ ತಿಳಿಯದು. ಹೆದ್ದಾರಿಯನ್ನು ಬಿಟ್ಟು ಕಾಡಿನೊಳಕ್ಕೆ ಹೋದಂತೆಲ್ಲ ತಿಳಿಯುತ್ತದೆ. ೨೦೨೦-೨೧ರ ಮಹಾಮಾರಿಯ ಕಾಲದಲ್ಲಿ ನಮ್ಮ ಮಕ್ಕಳು ಪಾಠ ಕೇಳುವುದಕ್ಕಾಗಿ ಕೊಡೆಯನ್ನು ಹಿಡಿದು ಗುಡ್ಡದ ತಲೆಯನ್ನು ಹತ್ತಿ ಕುಳಿತದ್ದನ್ನು ಯಾರು ಮರೆಯಬಲ್ಲರು?

ಅಲೆಗಳಲ್ಲಿಯೂ ತಾರತಮ್ಯವುಂಟು. ೫ಜಿಯ ಹೆಚ್ಚಿನ ವೇಗವು ಬರುವುದು ಸುಮಾರು ೩,೫೦೦ ಮೆಗಾಹರ್ಟ್ಸಿನ ಅಲೆಗಳಿಂದ. ಇವುಗಳ ಒಂದು ಅಲೆಯ ಉದ್ದ ಎಂಟೂವರೆ ಸೆಂಟಿಮೀಟರು ಮಾತ್ರ. ಇವು ಹೆಚ್ಚು ಹೊರೆಯನ್ನು ಹೊರಬಲ್ಲವು. ಆದರೆ ಬೆಟ್ಟ, ಗೋಡೆ, ಮಳೆಗೆ ತೊಯ್ದ ಎಲೆಗಳ ಇದಿರಿಗೆ ಬೇಗ ದಣಿಯುತ್ತವೆ. ೭೦೦ ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು ನಾಲ್ವತ್ತಮೂರು ಸೆಂಟಿಮೀಟರು. ಇದು ಹೊರುವ ಹೊರೆ ಕಡಿಮೆ. ಆದರೆ ದೂರ ನಡೆಯುತ್ತದೆ, ಅಡ್ಡಿಗಳನ್ನು ಬಳಸಿಕೊಂಡು ಬರುತ್ತದೆ. ೨೦೨೨ರ ಹರಾಜಿನಲ್ಲಿ ಖಾಸಗಿ ಕಂಪನಿಗಳ ಪೈಕಿ ೭೦೦ನ್ನು ಕೊಂಡದ್ದು ಜಿಯೋ ಒಂದೇ. ಬಿ.ಎಸ್.ಎನ್.ಎಲ್. ಸಂಸ್ಥೆಯೂ ತನ್ನ ೪ಜಿಗೆ ೭೦೦ನ್ನು ಬಳಸುತ್ತದೆ. ಸ್ವದೇಶದಲ್ಲಿಯೇ ಸಿದ್ಧವಾದ ಅದರ ೪ಜಿಯು ೨೦೨೫ನೆಯ ಸೆಪ್ಟೆಂಬರ ೨೭ರಂದು ಉದ್ಘಾಟನೆಗೊಂಡಿತು. ಈ ಅಲೆಗೆ ಲೆಕ್ಕದಲ್ಲಿ "ಬ್ಯಾಂಡ್ ೨೮" ಎಂದು ಹೆಸರು. ಆದುದರಿಂದ ಕಣಿವೆಯ ಮನೆಯವರು ಯಾವ ಫೋನನ್ನೇ ಕೊಳ್ಳಲಿ, ಅದರ ವಿವರಪತ್ರದಲ್ಲಿ ಬ್ಯಾಂಡ್ ೨೮ ಇರುವುದೋ ಎಂದು ೪ಜಿಯ ಸಾಲಿನಲ್ಲಿಯೂ ೫ಜಿಯ ಸಾಲಿನಲ್ಲಿಯೂ ಬೇರೆ ಬೇರೆಯಾಗಿ ನೋಡಿಕೊಳ್ಳತಕ್ಕದ್ದು. ಒಂದರಲ್ಲಿದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇದ್ದೇ ಇರುತ್ತದೆಂಬ ನಿಯಮವಿಲ್ಲ.

ಇಷ್ಟನ್ನು ತಿಳಿದ ಮೇಲೆ ನಾವು ಬೇರೆ ಬೇರೆ ಕಂಪನಿಗಳ ಸಿಮ್ಮುಗಳಿದ್ದ ಮೂರು ಫೋನುಗಳನ್ನು ನೆರೆಹೊರೆಯವರಿಂದ ಕೇಳಿ ಪಡೆದು, ಆಕೆಯ ಮನೆಗೆ ಹೋದೆವು. ಹೊಸ್ತಿಲಿನಲ್ಲಿ, ಅಡಿಗೆಮನೆಯಲ್ಲಿ, ಹುಡುಗನು ಓದಲು ಕೂಡ್ರುವ ಮೂಲೆಯಲ್ಲಿ, ಕೊಟ್ಟಿಗೆಯಲ್ಲಿ, ಹೀಗೆ ನಾಲ್ಕು ಕಡೆ ಒಂದೊಂದರಿಂದಲೂ ಕರೆ ಮಾಡಿದೆವು, ಒಂದೊಂದು ಪಾಠದ ಚಿತ್ರವನ್ನು ತೆರೆದೆವು. ಫಲಿತಾಂಶವು ಹೀಗಾಯಿತು: ೫ಜಿ ಯಾವುದರಲ್ಲಿಯೂ ಇಲ್ಲ, ಎರಡರಲ್ಲಿ ಕರೆಯೇ ತಡವರಿಸಿತು, ಒಂದರಲ್ಲಿ ಮಾತ್ರ ೪ಜಿಯು ಹೊಸ್ತಿಲಿನಲ್ಲಿಯೂ ಓದುವ ಮೂಲೆಯಲ್ಲಿಯೂ ಪಾಠಕ್ಕೆ ಸಾಕಾಗುವಷ್ಟು ಬಂದಿತು. ಅರ್ಧ ಗಂಟೆಯ ಈ ಪರೀಕ್ಷೆಗೆ ಒಂದು ಕಾಸೂ ಖರ್ಚಾಗಲಿಲ್ಲ.

ಆಗ ನಾವು ನಿರ್ಣಯವನ್ನು ಹೇಳಿದೆವು: "ತಂಗೀ, ಮನೆಯಲ್ಲಿ ೫ಜಿಯೇ ಇಲ್ಲದಿರುವಾಗ ಅದರ ಭೇದದ ವಿಚಾರವೇಕೆ? ಮೊದಲನೆಯದು ನಿನ್ನ ಗಂಟಿನೊಳಗೆ ಬರುತ್ತದೆ, ಚಾರ್ಜರೂ ಸಿಗುತ್ತದೆ. ಎರಡನೆಯದಕ್ಕೆ ಚಾರ್ಜರನ್ನೂ ಸೇರಿಸಿದರೆ ನಿನಗೆ ಸಾವಿರದಷ್ಟು ಕಡಿಮೆ ಬೀಳುತ್ತದೆ. ಮೊದಲನೆಯದನ್ನೇ ಕೊಂಡುಕೋ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರೇ, ಬರುವ ವರ್ಷ ಹುಡುಗ ಓದುವುದಕ್ಕೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗುವವನು. ಅಲ್ಲಿ ಅವನ ಕೋಣೆಯಲ್ಲಿ ಯಾವ ಸಿಮ್ಮು ಹಿಡಿಯುತ್ತದೆಂದು ಈಗ ಹೇಳಲಿಕ್ಕಾಗುತ್ತದೆಯೇ? ಯಾವುದು ಹಿಡಿದರೂ ನಡೆಯುವ ಫೋನು ಬೇಕಲ್ಲವೇ? ಮತ್ತೊಂದನ್ನು ಕೊಡಿಸುವ ಶಕ್ತಿ ನನಗಿಲ್ಲ" ಎಂದಳು.

ನಾವು ನಿರುತ್ತರರಾದೆವು. ನಾವು ಇಂದಿನ ಹೊಸ್ತಿಲನ್ನು ಮಾತ್ರ ಅಳೆದಿದ್ದೆವು. ತಾಯಿಯು ಮಗನು ನಾಲ್ಕು ವರ್ಷದಲ್ಲಿ ದಾಟಬೇಕಾದ ಹೊಸ್ತಿಲುಗಳನ್ನೆಲ್ಲ ಅಳೆದಿದ್ದಳು. ಕಡಿಮೆ ಬೀಳುವ ಹಣವನ್ನು ನಾವು ಕೈಗಡವಾಗಿ ಕೊಡುವೆವೆಂದರೆ ಒಪ್ಪಲಿಲ್ಲ. "ಇನ್ನೂ ಎರಡು ಮನೆಗಳ ಅಡಿಕೆ ಸುಲಿಯುವುದು ಬಾಕಿ ಇದೆ" ಎಂದು ಗಂಟನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಮಾಘಮಾಸದಲ್ಲಿ ತಾಯಿ ಮಗ ಇಬ್ಬರೂ ಸಿದ್ದಾಪುರಕ್ಕೆ ಹೋಗಿ ಎರಡನೆಯದನ್ನು ತಂದರು. ಮನೆಯಲ್ಲಿ ಹಿಡಿಯುವ ಸಿಮ್ಮೇ ಸದ್ಯ ಅದರಲ್ಲಿದೆ.

ಇದರಿಂದ ಎಲ್ಲರೂ ಎರಡನೆಯದನ್ನೇ ಕೊಳ್ಳತಕ್ಕದ್ದೆಂದು ವಾಚಕರು ಭಾವಿಸಬಾರದು. ಅಧಿಕಾರಿಭೇದದಿಂದ ಫಲವೂ ಭಿನ್ನವಾಗುತ್ತದೆ. ಊರನ್ನು ಬಿಟ್ಟು ಹೋಗದ, ಮನೆಯಲ್ಲಿ ಜಿಯೋ ಚೆನ್ನಾಗಿ ಹಿಡಿಯುವ, ಹಣವನ್ನು ಎಣಿಸಿ ವೆಚ್ಚ ಮಾಡುವ ಗೃಹಸ್ಥರಿಗೆ ಮೊದಲನೆಯದು ಧಾರಾಳವಾಗಿ ಸಾಕು; ಉಳಿದ ಸಾವಿರವು ಮನೆಯ ಬೇರೆ ಖರ್ಚಿಗೆ ಒದಗುವುದು. ಸಿಮ್ಮನ್ನು ಬದಲಿಸಬೇಕಾಗಬಹುದಾದವರಿಗೆ, ಊರೂರು ತಿರುಗುವವರಿಗೆ, ಓದುವ ಮಕ್ಕಳಿಗೆ ಎರಡು ಮಾರ್ಗಗಳನ್ನೂ ಬಲ್ಲ ಫೋನು ಮೇಲು. ಈ ಎರಡು ಹೆಸರುಗಳು ಪೇಟೆಯಿಂದ ಮಾಯವಾಗಿ ಬೇರೆ ಹೆಸರುಗಳು ಬಂದಾಗಲೂ, "ಇದು ಎಸ್.ಎ. ಮಾತ್ರವೋ, ಎನ್.ಎಸ್.ಎ.ಯನ್ನೂ ಬಲ್ಲದೋ" ಎಂಬ ಒಂದು ಪ್ರಶ್ನೆಯನ್ನು ಅಂಗಡಿಕಾರನಿಗೆ ಹಾಕಲು ಮರೆಯಬಾರದು.

ತಿಂಗಳ ಖರ್ಚಿನ ಮಾತೊಂದು. ೨೦೨೪ನೆಯ ಜುಲೈಯಲ್ಲಿ ದರಗಳನ್ನು ಏರಿಸಿದಾಗ, ಜಿಯೋ ಮತ್ತು ಏರ್‌ಟೆಲ್ ಎರಡೂ ಮಿತಿಯಿಲ್ಲದ ೫ಜಿಯನ್ನು ದಿನಕ್ಕೆ ೨ ಜಿ.ಬಿ. ಅಥವಾ ಹೆಚ್ಚು ಕೊಡುವ ಯೋಜನೆಗಳಿಗೆ ಸೀಮಿತಗೊಳಿಸಿದವು. ೫ಜಿ ಇಲ್ಲದ ಕಣಿವೆಯಲ್ಲಿ ಕುಳಿತು ಅದಕ್ಕಾಗಿ ಹೆಚ್ಚಿನ ರೀಚಾರ್ಜನ್ನು ತೆರುವುದು, ಬಾರದ ಬಸ್ಸಿಗೆ ಟಿಕೇಟನ್ನು ಕೊಂಡಂತೆಯೇ ಸರಿ.

ಯಾವ ಸಿಮ್ಮೂ ಹಿಡಿಯದ ಮನೆಗಳವರು ನಿರಾಶರಾಗಬೇಕಾಗಿಲ್ಲ. ಮನೆಗೆ ಫೈಬರಿನ ತಂತಿಯು ಬಂದಿದ್ದರೆ, ವೈಫೈಯ ಮೂಲಕವೇ ಸಾಧಾರಣ ಕರೆಯನ್ನು ಮಾಡುವ ಸೌಕರ್ಯವುಂಟು. ಏರ್‌ಟೆಲ್ ಇದನ್ನು ೨೦೧೯ನೆಯ ಡಿಸೆಂಬರಿನಲ್ಲಿ, ಜಿಯೋ ೨೦೨೦ನೆಯ ಜನವರಿಯಲ್ಲಿ ಆರಂಭಿಸಿದವು. ಫೋನಿನ ಸೆಟ್ಟಿಂಗಿನಲ್ಲಿ "ವೈಫೈ ಕಾಲಿಂಗ್" ಎಂಬುದನ್ನು ಒಮ್ಮೆ ತೆರೆದಿಟ್ಟರಾಯಿತು. ಆದರೆ ಆ ಪೆಟ್ಟಿಗೆಯು ನಡೆಯುವುದು ವಿದ್ಯುತ್ತಿನಿಂದ. ಆಷಾಢದ ಗಾಳಿಯಲ್ಲಿ ಮರ ಬಿದ್ದು ಕರೆಂಟು ಹೋದಾಗಲೇ ಮನೆಯ ಹಿರಿಯರಿಗೆ ಎದೆನೋವು ಬರಬಹುದು, ವಾಹನವನ್ನು ಕರೆಯಬೇಕಾಗಬಹುದು. ಆದುದರಿಂದ ಆ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿಯ ಆಸರೆಯನ್ನು ಮಳೆಗಾಲಕ್ಕೆ ಮುಂಚೆ ಒದಗಿಸಿಕೊಳ್ಳುವುದು, ಹೊಸ ಫೋನಿಗಿಂತಲೂ ಮೊದಲು ಮಾಡತಕ್ಕ ಕೆಲಸ.

ಮೊನ್ನೆ ಆ ಹುಡುಗನು ಬಂದು, ತನ್ನ ಫೋನಿನಿಂದ ನಮ್ಮ ಫೋನಿನಲ್ಲಿ ವೈಫೈ ಕರೆಯನ್ನು ತೆರೆಯುವ ಕ್ರಮವನ್ನು ನಮಗೆ ಕಲಿಸಿಕೊಟ್ಟನು. "ಅಮ್ಮ ಕೇಳಿದ್ದಾಳೆ, ಮಾಸ್ತರ ಮನೆಯಲ್ಲಿ ಈಗ ಕರೆ ಹೋಗುತ್ತದೆಯೇ ಎಂದು" ಎಂದನು. ಹೋಗುತ್ತದೆ. ಹಾಗೆಂದು ಆಕೆಗೆ ನಮ್ಮ ಜಗುಲಿಯಿಂದಲೇ ಕರೆ ಮಾಡಿ ತಿಳಿಸಿದೆವು.