24 ಗಂಟೆಯಲ್ಲಿ ಕಾಡೂ ಕಡಲೂ

"ಒಂದೇ ದಿನದಲ್ಲಿ ಮಳೆಕಾಡು, ಕಡಲು ಎರಡೂ" ಎನ್ನುವ ಪ್ಲ್ಯಾನು ಈಗ ಬೆಂಗಳೂರಿನ ಯಾವ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹೋದರೂ ಸಿಗುತ್ತದೆ. ಶುಕ್ರವಾರ ರಾತ್ರಿ ಹತ್ತಕ್ಕೆ ಲಾಗೌಟ್, ಹನ್ನೊಂದಕ್ಕೆ ಸೆಲ್ಫ್ ಡ್ರೈವ್ ಕಾರು, ಬೆಳಗ್ಗೆ ಆಗುಂಬೆ, ಮಧ್ಯಾಹ್ನ ಮಲ್ಪೆ, ಸೂರ್ಯ ಮುಳುಗುವಾಗ ಒಂದು ರೀಲ್ಸು, ರಾತ್ರಿ ವಾಪಸ್. ತಲೆಗೆ ಇಷ್ಟು ಅಂತ ಭಾಗ ಹಾಕಿ ಯುಪಿಐ ನಂಬರನ್ನೂ ಕೊಟ್ಟಿರುತ್ತಾರೆ. "ಕಡಿಮೆ ಟೈಮಲ್ಲಿ ಮ್ಯಾಕ್ಸಿಮಮ್ ಕವರ್ ಮಾಡೋಣ ಗುರು" ಅನ್ನೋದು ಎಲ್ಲರ ಘೋಷಣೆ.

ನನ್ನ ಜಗಳ ಇರೋದು ಈ "ಕವರ್ ಮಾಡೋ" ಮಾತಿನ ಜೊತೆಗೆ. ಪರೀಕ್ಷೆಯ ಹಿಂದಿನ ರಾತ್ರಿ ಸಿಲಬಸ್ ಕವರ್ ಮಾಡಿದ ಹಾಗೆ ಕಾಡನ್ನು ಕವರ್ ಮಾಡಲು ಹೊರಟವರ ಕೈಯಲ್ಲೊಂದು ಗಡಿಯಾರ ಇರುತ್ತದೆ. ಘಟ್ಟದ ರಸ್ತೆ ಎಷ್ಟು ಅಗಲ ಇರಬೇಕು ಅಂತ ತೀರ್ಮಾನ ಮಾಡಲು ಹೊರಟಿರುವುದು ಆ ಗಡಿಯಾರ. ಅವಸರ ನಮ್ಮದು, ಅದರ ಬಿಲ್ಲು ಕಟ್ಟುವವರು ಗುಡ್ಡದ ಬುಡದಲ್ಲಿ ಮನೆ ಇರುವವರು.

ಮೊದಲು ಲೆಕ್ಕ ನೋಡಿಬಿಡೋಣ, ಲೆಕ್ಕ ನಮ್ಮ ಕಸುಬೇ ತಾನೆ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್. ಅಲ್ಲಿಂದ ಘಾಟಿ ಇಳಿದು, ಹೆಬ್ರಿ ಮೇಲೆ ಮಲ್ಪೆಗೆ ಸುಮಾರು 60. ಮಲ್ಪೆಯಿಂದ ಶಿರಾಡಿ ಹತ್ತಿ ಮನೆಗೆ ಮತ್ತೆ 400. ಒಟ್ಟು 800ರ ಮೇಲೆ. ಎಷ್ಟೇ ಚೆನ್ನಾಗಿ ಓಡಿಸಿದರೂ 16-17 ಗಂಟೆ ಸ್ಟೇರಿಂಗ್ ಹಿಂದೆಯೇ ಕಳೆಯುತ್ತದೆ. ಉಳಿದ ಏಳೆಂಟು ಗಂಟೆಯಲ್ಲಿ ತಿಂಡಿ, ಊಟ, ಪೆಟ್ರೋಲು, ಪಾರ್ಕಿಂಗು ಕಳೆಯಿರಿ. ಕಾಡಿಗೆ ಒಂದು ಗಂಟೆ, ಕಡಲಿಗೆ ಎರಡು ಗಂಟೆ ಸಿಕ್ಕಿದರೆ ಪುಣ್ಯ. ಇದನ್ನು ಪ್ರವಾಸ ಅಂತ ಯಾಕೆ ಕರೀಬೇಕು? ಡೆಲಿವರಿ ಹುಡುಗರ ಶಿಫ್ಟ್ ಕೂಡ ಇದಕ್ಕಿಂತ ಚಿಕ್ಕದಿರುತ್ತದೆ.

ಇನ್ನು ಆ ಕಾರು. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಯ ಸೆಲ್ಫ್ ಡ್ರೈವ್ ಅಂತ ಅರ್ಥ. ಅದರ ಬ್ರೇಕು, ಕ್ಲಚ್ಚು ನಿಮ್ಮ ಕಾಲಿಗೆ ಅಭ್ಯಾಸ ಆಗುವ ಮೊದಲೇ ನೀವು ಆಗುಂಬೆಯ 14 ಹೇರ್‌ಪಿನ್ ತಿರುವುಗಳ ಮುಂದೆ ನಿಂತಿರುತ್ತೀರಿ, ಅದೂ ರಾತ್ರಿಯಿಡೀ ನಿದ್ದೆಗೆಟ್ಟು. ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು, ಬ್ರೇಕನ್ನೇ ಒತ್ತಿಕೊಂಡಿದ್ದರೆ ಅದು ಕಾದು ಕೈಕೊಡುತ್ತದೆ. ಕಿರಿದಾದ ಏರಿನಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, ಮೋಟಾರು ವಾಹನ ನಿಯಮವೇ ಹೇಳುತ್ತದೆ. ದಿನಾ ಮಿನಿ ಬಸ್ಸು ಓಡಿಸುವ ಡ್ರೈವರಿಗೆ ಇದು ಉಸಿರಾಟದಷ್ಟು ಸಲೀಸು. ನಮ್ಮವರಿಗೆ ಹಾರ್ನ್ ಹೊಡೆದು ನುಗ್ಗುವುದೊಂದೇ ಗೊತ್ತು.

ಅದಕ್ಕಿಂತ ದೊಡ್ಡ ತಮಾಷೆ ಏನೆಂದರೆ ಈ ಪ್ಲ್ಯಾನಿಗೆ ಕಾಲವೇ ಕೂಡಿ ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಬೆಂಗಳೂರಿನ ಏಳು ಪಟ್ಟು. ಮಳೆಕಾಡು ಅಂದರೆ ಏನು ಅಂತ ತಿಳಿಯುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಆದರೆ ಆಗ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತರೆ ಕಾಣುವುದು ಬರೀ ಮಂಜು. ಕೆಳಗೆ ಕಡಲು ಕೆರಳಿರುತ್ತದೆ, ಸೇಂಟ್ ಮೇರೀಸ್ ದ್ವೀಪದ ಬೋಟು ಬಂದ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ, ದೋಣಿಗಳೆಲ್ಲ ಬಂದರಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಹುಟ್ಟಿದಾಗಿನಿಂದ ಕಡಲು ನೋಡಿದವರು ದಡದಲ್ಲಿ ನಿಂತಿರುವಾಗ, 400 ಕಿಲೋಮೀಟರ್ ದೂರದಿಂದ ನಿದ್ದೆಗಣ್ಣಲ್ಲಿ ಬಂದವನು ಪ್ಯಾಂಟು ಮಡಚಿ ಅಲೆಗೆ ಇಳಿಯುತ್ತಾನೆ. ಲೈಫ್‌ಗಾರ್ಡ್ ಸೀಟಿ ಊದಿದರೆ "ಅಷ್ಟು ದೂರದಿಂದ ಬಂದಿದೀವಿ ಸಾರ್" ಅನ್ನುತ್ತಾನೆ. ದೂರದಿಂದ ಬಂದವನಿಗೆ ಕಡಲು ರಿಯಾಯಿತಿ ಕೊಡುತ್ತದೆಯೇ?

ಈಗ ಅಸಲು ವಿಷಯಕ್ಕೆ ಬರೋಣ. ಈ ಪ್ಲ್ಯಾನಿನಲ್ಲಿ ಕಾಡು ಒಂದು ಸ್ಪಾಟ್, ಕಡಲು ಇನ್ನೊಂದು ಸ್ಪಾಟ್, ನಡುವಿನದು ದಾಟಿ ಮುಗಿಸಬೇಕಾದ ದಾರಿ. ನಿಜವಾಗಿ ನೋಡಿದರೆ ಎರಡೂ ಒಂದೇ ವ್ಯವಸ್ಥೆ. ಆಗುಂಬೆ ಕಡೆಯ ಕಾಡಿನಲ್ಲಿ ಹುಟ್ಟುವ ಸೀತಾನದಿ ಸೋಮೇಶ್ವರ, ಹೆಬ್ರಿ ಸೀಮೆಯಲ್ಲಿ ಇಳಿದು, ಕೊನೆಗೆ ಸುವರ್ಣಾ ನದಿಯ ಜೊತೆ ಸೇರಿ ಕೋಡಿಬೆಂಗ್ರೆಯಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಘಟ್ಟದ ಮೇಲೆ ಜುಲೈನಲ್ಲಿ ಸುರಿದದ್ದನ್ನು ಬೇರು, ತರಗೆಲೆ, ಮಣ್ಣು ಸೇರಿ ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ನಿಧಾನಕ್ಕೆ ಬಿಡುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಡು ಒಂದು ಬಫರ್. ಅದು ಇಲ್ಲದಿದ್ದರೆ ಮಳೆಗಾಲದಲ್ಲಿ ನೆರೆ, ಏಪ್ರಿಲ್‌ನಲ್ಲಿ ಬರಿದಾದ ಹೊಳೆ. ಕರಾವಳಿಯ ಬಾವಿ, ತೋಟ, ಅಳಿವೆಯ ಮೀನು ಎಲ್ಲವೂ ಆ ಬಫರ್ ನಂಬಿಕೊಂಡಿವೆ. ಎರಡು ಗಂಟೆಯಲ್ಲಿ ಎಸಿ ಹಾಕಿಕೊಂಡು ಘಟ್ಟ ಇಳಿದವನಿಗೆ ಸೀತಾನದಿ ಒಂದು ಸೇತುವೆ ಮಾತ್ರ, ಅದೂ ಮೊಬೈಲಿನಿಂದ ಕಣ್ಣು ಎತ್ತಿದ್ದರೆ.

ಇದೇ ಊರಿನಲ್ಲಿ ಇನ್ನೊಂದು ಬಗೆಯ ಜನವೂ ಕೆಲಸ ಮಾಡಿದ್ದಾರೆ. ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. ಅಲ್ಲಿನವರು ಕಾಳಿಂಗ ಸರ್ಪಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ, ಅದು ಎಲ್ಲಿ ಹೋಗುತ್ತದೆ, ಏನು ತಿನ್ನುತ್ತದೆ ಅಂತ ದಿನಗಟ್ಟಲೆ ಬೆನ್ನು ಹತ್ತಿದರು. ಒಂದು ಹಾವನ್ನು ಅರ್ಥ ಮಾಡಿಕೊಳ್ಳಲು ಅಷ್ಟು ಸಮಯ ಬೇಕು. ನಾವು ಒಂದು ಗಂಟೆಯಲ್ಲಿ ಇಡೀ ಕಾಡನ್ನು "ಡನ್" ಅಂತ ಟಿಕ್ ಹಾಕಿಬಿಡುತ್ತೇವೆ. ಬದಲಿಗೆ ನಾವು ಕೊಟ್ಟು ಬರುವುದು ತಿರುವಿನಲ್ಲಿ ಕೂತ ಮಂಗಗಳಿಗೆ ಒಂದು ಚಿಪ್ಸ್ ಪ್ಯಾಕೆಟ್ಟು. ಮಲೆನಾಡಿನ ರೈತನನ್ನು ಕೇಳಿ ನೋಡಿ, ಬಾಳೆ, ಅಡಿಕೆ, ತೆಂಗು ಉಳಿಸಿಕೊಳ್ಳಲು ಮಂಗನ ಜೊತೆ ಅವನು ಏನೆಲ್ಲ ಹೋರಾಡುತ್ತಿದ್ದಾನೆ ಅಂತ. ಮನುಷ್ಯರನ್ನು ಕಂಡರೆ ಹೆದರಬಾರದು, ಕೈಯಿಂದ ಕಿತ್ತುಕೊಳ್ಳಬೇಕು ಅಂತ ಮಂಗನಿಗೆ ಪಾಠ ಹೇಳಿಕೊಟ್ಟು ನಾವು ಬೆಂಗಳೂರಿಗೆ ಬರುತ್ತೇವೆ. ಪರೀಕ್ಷೆ ಬರೆಯುವವನು ಆ ರೈತ.

ಹೀಗೆ ಹೋಗಿ ಬಂದವರೆಲ್ಲ ಕೊನೆಗೆ ಹೇಳುವ ಒಂದು ಮಾತಿದೆ. "ಜಾಗ ಸೂಪರ್, ರಸ್ತೆ ಮಾತ್ರ ತುಂಬಾ ಚಿಕ್ಕದು ಕಣ್ರೀ. ಅಗಲ ಮಾಡಬೇಕು." ಆಗುಂಬೆಗೆ ಸುರಂಗ ಕೊರೆಯಬೇಕು ಎಂಬ ಮಾತೂ ಆಗಾಗ ಏಳುತ್ತದೆ. ರಾಷ್ಟ್ರೀಯ ಹೆದ್ದಾರಿ 169ಎ ಹಾದುಹೋಗುವ ಈ ಘಾಟಿ ಸೋಮೇಶ್ವರ ಅಭಯಾರಣ್ಯದ್ದು. ಅದೂ, ಮೇಲಿನ ಆಗುಂಬೆ ಮೀಸಲು ಅರಣ್ಯವೂ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ಭಾಗಗಳು. ಇಲ್ಲಿನ ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಬದುಕುವುದು ಮರದ ಮೇಲೆ. ರಸ್ತೆ ಕಿರಿದಾಗಿದ್ದರೆ ಎರಡೂ ಬದಿಯ ಕೊಂಬೆ ಮೇಲೆ ಕೈ ಹಿಡಿದುಕೊಂಡಿರುತ್ತವೆ, ಅದೇ ಅದರ ಸೇತುವೆ. ಎರಡು ಪಥ ನಾಲ್ಕಾದರೆ ಆ ಸೇತುವೆ ಮುರಿಯುತ್ತದೆ, ಪ್ರಾಣಿ ಟಾರು ರಸ್ತೆಗೆ ಇಳಿಯಲೇಬೇಕು.

ಸಿಂಗಳೀಕದ ಮಾತು ಬೇಡ, ಮನುಷ್ಯರದ್ದೇ ಹೇಳಿ ಅನ್ನುವವರಿಗೆ ಶಿರೂರು ನೆನಪಿಸುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದ ಜಾಗ ಅದು. ರಸ್ತೆ ಬದಿಯ ಚಹಾ ಅಂಗಡಿ ಮಣ್ಣಿನಡಿ ಹೋಯಿತು. ಗಂಗಾವಳಿ ನದಿಗೆ ಬಿದ್ದ ಲಾರಿಯನ್ನು ಮೇಲೆತ್ತಲು ಎರಡು ತಿಂಗಳ ಮೇಲೆ ಬೇಕಾಯಿತು. ಎದುರು ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ, ಮಳೆ ಕುಡಿದು ಭಾರ ಹೆಚ್ಚಿದಾಗ ಅದು ಜಾರುತ್ತದೆ. ಇದಕ್ಕೆ ಬಿಇ ಡಿಗ್ರಿ ಬೇಕಿಲ್ಲ, ಮರಳಿನ ಗುಡ್ಡೆ ಮಾಡಿ ಬುಡದಿಂದ ಒಂದು ಹಿಡಿ ತೆಗೆದ ಮಗುವಿಗೂ ಗೊತ್ತು. ಮೇಲೆ 7,000 ಮಿಲಿಮೀಟರ್ ಸುರಿಯುವ ಆಗುಂಬೆಯಲ್ಲಿ ಇದೇ ಪ್ರಯೋಗ ಮಾಡೋಣವೇ?

"ಅಗಲವಾದರೆ ಅಲ್ಲಿಯವರಿಗೂ ಒಳ್ಳೇದಲ್ವಾ? ಮಣಿಪಾಲದ ಆಸ್ಪತ್ರೆಗೆ ಹೋಗೋರಿಗೆ?" ಇದು ಗಟ್ಟಿಯಾದ ಪ್ರಶ್ನೆ, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಣಿಪಾಲ ಅಂದರೆ ಈ ಘಾಟಿ. ರಸ್ತೆ ಗಟ್ಟಿಯಾಗಿರಬೇಕು, ಚರಂಡಿ ಸರಿಯಿರಬೇಕು, ತಡೆಗೋಡೆ ಭದ್ರವಾಗಿರಬೇಕು. ಒಪ್ಪಿದೆ. ಆದರೆ ಮಳೆಗಾಲದ ಭಾನುವಾರ ಆ ಆಂಬುಲೆನ್ಸ್ ನಿಲ್ಲುವುದು ರಸ್ತೆ ಕಿರಿದು ಅಂತಲೋ, ತಿರುವಿನಲ್ಲಿ ನಾಲ್ಕು ಕಾರು ನಿಲ್ಲಿಸಿ ಯಾರೋ ಜಲಪಾತಕ್ಕೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ ಅಂತಲೋ? ನಮ್ಮ ಕಾರುಗಳಿಂದ ಆದ ಇಕ್ಕಟ್ಟಿಗೆ ಅಲ್ಲಿಯ ರೋಗಿಯ ಹೆಸರು ಹೇಳಿ ಗುಡ್ಡ ಕಡಿಸುವುದು ಯಾವ ನ್ಯಾಯ? ಇನ್ನು, ಅಗಲ ಮಾಡಿದರೆ ಇಕ್ಕಟ್ಟು ತಪ್ಪುತ್ತದೆ ಅನ್ನುವವರು ಬೆಂಗಳೂರಿನ ಯಾವುದಾದರೂ ಫ್ಲೈಓವರ್ ಮೇಲೆ ಸಂಜೆ ಆರಕ್ಕೆ ನಿಂತು ಅದೇ ಮಾತು ಹೇಳಲಿ.

"ನಾವು ಹೋದರೆ ಊರಿಗೆ ದುಡ್ಡು ಬರುತ್ತಲ್ಲ?" ಎಷ್ಟು ಬರುತ್ತೆ, ಹೇಳಿ. ಕಾರಿನ ಬಾಡಿಗೆ ಬೆಂಗಳೂರಿಗೆ. ಪೆಟ್ರೋಲಿನ ದುಡ್ಡು ಹೆದ್ದಾರಿಯ ಬಂಕಿಗೆ. ಟೋಲು ಗುತ್ತಿಗೆದಾರರಿಗೆ. ತಿಂಡಿ ದಾರಿಯ ಯಾವುದೋ ದೊಡ್ಡ ಹೋಟೆಲಿಗೆ. ರಾತ್ರಿ ಉಳಿಯುವುದಿಲ್ಲ, ಹಾಗಾಗಿ ಹೋಂಸ್ಟೇಗೂ ಏನಿಲ್ಲ. ಆಗುಂಬೆಗೆ ಸಿಕ್ಕಿದ್ದು ಐದು ಟೀ, ಐದು ಖಾಲಿ ಬಾಟಲಿ. ಅದೇ ಎರಡು ರಾತ್ರಿ ಉಳಿದವನು ಅಲ್ಲೇ ಉಣ್ಣುತ್ತಾನೆ, ಅಲ್ಲಿಯವರನ್ನೇ ಜೊತೆಗೆ ಕರೆದುಕೊಂಡು ನಡೆಯುತ್ತಾನೆ, ಅಂಗಡಿಯಲ್ಲಿ ಕಾಳುಮೆಣಸು, ಜೇನು ಕೊಳ್ಳುತ್ತಾನೆ. ದುಡ್ಡು ಊರಲ್ಲಿ ಉಳಿಯಬೇಕಾದರೆ ಮನುಷ್ಯ ಊರಲ್ಲಿ ಉಳಿಯಬೇಕು.

"ರಜೆ ಎಲ್ಲಿದೆ ಮಾರಾಯ, ಇರೋದೇ ಎರಡು ದಿನ" ಅನ್ನುವುದು ಕೊನೆಯ ವಾದ. ನಾನೂ ಅದೇ ಕಸುಬಿನವನು, ಊರು ಮಲೆನಾಡು. ರಜೆ ಕೇಳಿದರೆ ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ ಚೆನ್ನಾಗಿ ಗೊತ್ತು. ಆದರೆ ಮ್ಯಾನೇಜರ್ ಹತ್ತಿರ ಆಡಬೇಕಾದ ಜಗಳವನ್ನು ಗುಡ್ಡದ ಹತ್ತಿರ ಯಾಕೆ ಆಡುತ್ತೀರಿ? ಎರಡೇ ದಿನ ಇದ್ದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ಕಾಡಿಗೆ ಹೋಗಿ, ಡಿಸೆಂಬರ್‌ನಲ್ಲಿ ಕಡಲಿಗೆ ಹೋಗಿ. ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಉಡುಪಿಯ ಮಿನಿ ಬಸ್ಸು ಹತ್ತಿದರೆ 14 ತಿರುವನ್ನೂ ಕಿಟಕಿಯಿಂದ ನೋಡಬಹುದು. ಸ್ವಂತ ಡ್ರೈವ್‌ನಲ್ಲಿ ಅಷ್ಟು ನೋಡಿದರೆ ಕಾರು ಕಂದಕದಲ್ಲಿರುತ್ತದೆ.

ಸರ್ಕಾರ ಮಾಡಬೇಕಾದದ್ದೂ ಇದೆ. ಊಟಿ, ಕೊಡೈಕನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಇ-ಪಾಸ್ ಬಂತು. ನೀಲಗಿರಿಯ ಸ್ಥಳೀಯ ವಾಹನಗಳಿಗೆ ಅದರಿಂದ ವಿನಾಯಿತಿ. ಆಗುಂಬೆ ಘಾಟಿಗೂ ಮಳೆಗಾಲದ ಶನಿವಾರ, ಭಾನುವಾರ ಹಾಗೇ ಮಾಡಲಿ. ಕೆಎ-14, ಕೆಎ-20ರ ಗಾಡಿಗೆ, ಬಸ್ಸಿಗೆ, ಆಂಬುಲೆನ್ಸಿಗೆ ತಡೆ ಬೇಡ. ಹೊರಗಿನ ಕಾರುಗಳಿಗೆ ದಿನಕ್ಕೆ ಇಷ್ಟೇ ಅಂತ ಮಿತಿ ಇರಲಿ, ತಿರುವಿನಲ್ಲಿ ನಿಲ್ಲಿಸಿದರೆ ಜೇಬಿಗೆ ನಾಟುವಂಥ ದಂಡ ಇರಲಿ. ನಾವೇ ಬರೆಯುವ ಎಪಿಐಗಳಿಗೆ ರೇಟ್ ಲಿಮಿಟ್ ಹಾಕದೆ ಪ್ರೊಡಕ್ಷನ್‌ಗೆ ಬಿಡುವುದಿಲ್ಲ. ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡಬಹುದು, ಆದರೂ ಅಷ್ಟು ಎಚ್ಚರಿಕೆ. ಬಿದ್ದ ಗುಡ್ಡಕ್ಕೆ ರೀಸ್ಟಾರ್ಟ್ ಇಲ್ಲ.

ಪಾಸ್ ಬರುವವರೆಗೂ ಕಾಯಬೇಕಿಲ್ಲ. ಪ್ಲ್ಯಾನಿನಿಂದ ಒಂದು ಹೆಸರು ಹೊಡೆದುಹಾಕಿ, ಒಂದು ರಾತ್ರಿ ಸೇರಿಸಿ. ಅಷ್ಟು ಸಾಕು. ಅದೂ ಆಗುವುದಿಲ್ಲವೆಂದರೆ ಈ ವಾರ ಮನೆಯಲ್ಲೇ ಇದ್ದು ಚೆನ್ನಾಗಿ ನಿದ್ದೆ ಮಾಡಿ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನಿಮ್ಮಿಂದ ಆಗುವ ದೊಡ್ಡ ಉಪಕಾರ ಅದೇ.